ಊರಂಗಡಿಯಲ್ಲಿ ಜವರನ ಸರದಿ

ಹಳ್ಳದಕೊಪ್ಪಲಿನ ನಿಂಗಾಜಮ್ಮನಿಗೆ ಒಬ್ಬನೇ ಮಗ. ಹೆಸರು ಜವರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹಾಗಂತ ಮಾತು ಕೇಳದ ಮಗನಲ್ಲ. ಕೇಳುತ್ತಿದ್ದ, ಅದೇ ತೊಂದರೆ. “ಹಗ್ಗ ಹಿಡ್ಕೊಂಡು ನಿಂತಿರು, ಬತ್ತೀನಿ” ಅಂತ ಅವ್ವ ಸಂತೆಯಲ್ಲಿ ಹೇಳಿಹೋದರೆ, ಯಾರೋ ಹಗ್ಗ ಬಿಚ್ಚಿ ಹಸು ಹೊಡೆದುಕೊಂಡು ಹೋದ ಮೇಲೂ ಹಗ್ಗ ಹಿಡಿದುಕೊಂಡೇ ನಿಂತಿರುತ್ತಿದ್ದ.

“ಇವನು ಹುಟ್ದಾಗ ಸೂಲಗಿತ್ತಿ ಗಂಡು ಅಂದ್ಲು ಕನವ್ವ. ಮಿಕ್ಕಿದ್ದು ಹೇಳ್ದಂಗೆ ಸೀರೆ ಈಸ್ಕೊಂಡು ಹೋಗ್ಬುಟ್ಲು” ಅಂತ ನಿಂಗಾಜಮ್ಮ ಕಂಡವರ ಹತ್ತಿರವೆಲ್ಲ ಹೇಳಿಕೊಳ್ಳುತ್ತಿದ್ದಳು.

ಈ ಕತೆಯಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಮಿಕ್ಕ ಅರ್ಧವನ್ನು ಇನ್ನೂ ಚೆನ್ನಾಗಿ ಕಂಡಿದ್ದೇನೆ, ಯಾಕೆಂದರೆ ಆಗ ನಾನು ಅಲ್ಲಿರಲಿಲ್ಲ.

ಊರಲ್ಲಿ ಇದ್ದ ಒಬ್ಬನೇ ಅಂಗಡಿಯವನು ಕದ ಎಳೆದುಕೊಂಡು ಮಗಳ ಊರು ಸೇರಿದ. ಆಮೇಲೆ ಒಂದು ಬೆಂಕಿಪೊಟ್ಟಣ ಬೇಕಾದರೂ ಬಸ್ಸು ಹತ್ತಬೇಕು. ಬಸ್ಸಿಗೋ ಮೆಟ್ಟಿಲು ಎತ್ತರ, ನಿಂಗಾಜಮ್ಮನಿಗೋ ಮಂಡಿನೋವು. ಇದಕ್ಕೊಂದು ದಾರಿ ನೋಡೋಣ ಅಂತ ಊರಿನವರೆಲ್ಲ ಒಟ್ಟಿಗೆ ಸೇರಿದ ದಿನ ನಿಂಗಾಜಮ್ಮನೇ ಎದ್ದು ನಿಂತು, “ಗುಡಿ ದೀಪಕ್ಕೆ ಮನೆಮನೆ ಸರದಿ ಇಲ್ವಾ? ಅಂಗಡಿಗೂ ಹಂಗೇ ಕೂರಾನ. ಮೊದಲು ನನ್ನ ಮನೆ ಹಿಡ್ಕೊಳ್ಳಿ” ಅಂದಳು. ಮನೆಗೆ ಇಷ್ಟು ರಾಗಿ ಅಂತ ಎತ್ತಿದರು, ಮಾರಿದರು, ಸಾಮಾನು ತಂದರು. ಸಂಬಳ ಗಿಂಬಳ ಯಾರಿಗೂ ಇಲ್ಲ. ಸಂಜೆಯಾದರೆ ಅಂಗಡಿಯ ತಕ್ಕಡಿ ಮುಂದಿನ ಮನೆಗೆ ಹೋಗುತ್ತದೆ. ತಕ್ಕಡಿ ಎಲ್ಲಿ ಮಲಗಿತೋ ನಾಳೆ ಆ ಮನೆಯವರು ಅಂಗಡಿಯಲ್ಲಿ ಕೂರಬೇಕು. ಬಂದ ತಕ್ಕಡಿಯನ್ನು ಬೇಡ ಅನ್ನುವ ಹಾಗಿಲ್ಲ. ಇದನ್ನೆಲ್ಲ ಹಿಂದೆ ನಿಂತು ನಡೆಸುತ್ತಿದ್ದವಳು ಮರಿಸಿದ್ದಮ್ಮ, ಗಟ್ಟಿ ಹೆಂಗಸು.

ಕೋಣೆ ಮಾತ್ರ ಪಟೇಲರ ಮನೆ ಪುಟ್ಟಸ್ವಾಮಿಗೌಡರದು. ಕೊಡುವಾಗ ಒಂದು ಮಾತು ಹೇಳಿಯೇ ಕೊಟ್ಟಿದ್ದರು: “ನೆಟ್ಟಗೆ ನಡೆಸೋದಾದ್ರೆ ನಡೆಸಿ. ಕೆಟ್ಟು ಹೋಯ್ತು ಅಂದ ದಿನ ನನ್ನ ಬೀಗ ಬೀಳ್ತದೆ. ಬೂಸಾ ಮೂಟೆ ಇಡಾಕೆ ನಂಗೂ ಜಾಗ ಇಲ್ಲ.”

ಅವಳೇ ಹೇಳಿದ್ದ ಹಾಗೆ ತಕ್ಕಡಿ ಮೊದಲು ನಿಂಗಾಜಮ್ಮನ ಮನೆಗೇ ಬಂತು. ಅವಳ ಮಂಡಿ ಮಡಚದು. ಹೋಗಬೇಕಾದವನು ಜವರ.

“ನೋಡು ಮಗ, ಕೂತ ಜಾಗ ಬಿಟ್ಟು ಏಳ್ಬೇಡ. ಅಂಗಡಿ ಬಿಟ್ಟು ಹೋದ ಅಂತ ಒಬ್ರು ಅನ್ನಬಾರ್ದು.”

“ಆಯ್ತು ಕನವ್ವ.”

ಹೋದ. ಕೂತ. ಕೂತದ್ದು ಉಪ್ಪಿನ ಮೂಟೆ ಪಕ್ಕ. ಹಲಗೆಗಳೆಲ್ಲ ಬೆನ್ನ ಹಿಂದೆ. ಮೊದಲ ಗಿರಾಕಿ ಬಂದಳು.

“ಜವರ, ಒಂದು ಸೋಪು ಕೊಡೋ.”

ಜವರ ಕೂತಲ್ಲಿಂದಲೇ ಕೈ ಚಾಚಿದ. ನಿಲುಕಲಿಲ್ಲ. “ಇಲ್ಲ” ಅಂದ.

“ಅಲ್ಲೇ ಹಲಗೆ ಮ್ಯಾಲೆ ಕಾಣ್ತೈತಲ್ಲೋ.”

“ಕಾಣ್ತೈತೆ. ಇಲ್ಲ.”

ಇನ್ನೊಬ್ಬ ಬಂದ, ಕಾಫಿಪುಡಿ ಕೇಳಿದ. ಇಲ್ಲ. ಬೇಳೆ? ಇಲ್ಲ. ಬೆಲ್ಲ? ಇಲ್ಲ. ಉಪ್ಪು? “ಎಷ್ಟು ಬೇಕು?” ಆ ದಿನ ಊರಿನ ಎಲ್ಲಾ ಮನೆಗೂ ಉಪ್ಪು ಹೋಯಿತು. ಅಂಗಡಿಯಲ್ಲಿ ಉಪ್ಪು ಬಿಟ್ಟು ಏನೂ ಉಳಿದಿಲ್ಲವಂತೆ ಅನ್ನುವ ಸುದ್ದಿ ಮಧ್ಯಾಹ್ನದೊಳಗೆ ಪುಟ್ಟಸ್ವಾಮಿಗೌಡರ ಜಗಲಿ ಹತ್ತಿತು. ಗೌಡರು ಹೊರಗೆ ಬಂದು ಕೋಣೆಯ ಕಡೆ ಒಂದು ಸಲ ನೋಡಿ, ಬೂಸಾ ಮೂಟೆಗಳ ಕಡೆ ಒಂದು ಸಲ ನೋಡಿ ಒಳಕ್ಕೆ ಹೋದರು.

ಸಂಜೆ ನಿಂಗಾಜಮ್ಮ ಹಣೆ ಹಣೆ ಬಡಿದುಕೊಂಡಳು.

“ಅಂಗಡೀಲಿ ಕೂತ್ಕೊಂಡು ಇಲ್ಲ ಅಂತಾರೇನೋ, ದಡ್ಡ ಮುಂಡೇದೆ? ಲಕ್ಷ್ಮಿ ಇರೋ ಜಾಗ ಅದು. ನಿಜವಾಗ್ಲೂ ಇಲ್ದಿದ್ರೂ ಇಲ್ಲ ಅನ್ಬಾರ್ದು. ‘ಇವತ್ತಿಂದು ಖರ್ಚಾಯ್ತು, ನಾಳೆ ಬತ್ತದೆ’ ಅನ್ಬೇಕು.”

“ಹಂಗೇ ಅಂತೀನಿ ಕನವ್ವ.”

ತಕ್ಕಡಿ ಊರೆಲ್ಲ ಸುತ್ತಿ ಮತ್ತೆ ಬಂತು. ಜವರ ಹೋಗಿ ಕೂತ. ಈ ಸಲ ಎದ್ದ, ಹಲಗೆಯಿಂದ ತೆಗೆದುಕೊಟ್ಟ, ತೂಗಿದ, ಕಟ್ಟಿದ. ಅಗರಬತ್ತಿ ಮುಗಿದಿತ್ತು, “ಇವತ್ತಿಂದು ಖರ್ಚಾಯ್ತು, ನಾಳೆ ಬತ್ತದೆ” ಅಂದ. ಮರಿಸಿದ್ದಮ್ಮ ಕೇಳಿಸಿಕೊಂಡು, ಪರವಾಗಿಲ್ಲ ಹುಡುಗ ಅಂದುಕೊಂಡು ಹೊಲಕ್ಕೆ ಹೋದಳು.

ಅಷ್ಟು ಹೊತ್ತಿಗೆ ಬಸ್ಸಿಳಿದು ಮೂವರು ಬಂದರು, ಹೊಸ ಪಂಚೆ, ಹೊಸ ಸೀರೆ. ಕಾಳೇಗೌಡನ ಮಗಳು ಸಾವಿತ್ರಿಯನ್ನು ನೋಡಲು ಬಂದ ಬೀಗರು. ನಮ್ಮ ಕಡೆ ಹೆಣ್ಣಿನ ಮನೆಗೆ ನೇರವಾಗಿ ಯಾರೂ ಹೋಗುವುದಿಲ್ಲ. ಮೊದಲು ಅಂಗಡಿ ಮುಂದೆ ಎಲೆಅಡಿಕೆ ಕೊಂಡು, ಬಾಯಿಗೆ ಹಾಕಿಕೊಂಡು, ಹಾಗೇ ಮಾತಿಗೆ ಎಳೆಯುತ್ತಾರೆ. ಇವರೂ ಎಳೆದರು.

“ಏನಪ್ಪ, ಕಾಳೇಗೌಡ್ರ ಮನೇಲಿ ಜಗಳ ಗಿಗಳ ಏನಾರ ಐತಾ?”

ಜವರನ ಬಾಯಿಗೆ ‘ಇಲ್ಲ’ ಬಂತು. ನಾಲಿಗೆ ಕಚ್ಚಿಕೊಂಡ.

“ಇವತ್ತಿಂದು ಖರ್ಚಾಯ್ತು. ನಾಳೆ ಬತ್ತದೆ.”

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯ ಹೆಂಗಸು ಮುಂದೆ ಬಂದಳು.

“ಕುಡಿಯೋರು ಯಾರಾರ ಅವ್ರಾ?”

“ಇವತ್ತಿನವರು ಖರ್ಚಾದ್ರು. ನಾಳೆ ಬತ್ತಾರೆ.”

“ಹುಡುಗೀಗೆ ಕಾಯಿಲೆ ಕಸಾಲೆ?”

“ನಾಳೆ ತಪ್ಪದೆ ಬತ್ತದೆ ಕನವ್ವ. ನಿಮಗೆ ಎಷ್ಟು ಬೇಕಾಗಿತ್ತು?”

ಬೀಗರು ಬಂದ ಬಸ್ಸಿಗೇ ತಿರುಗಿ ಹತ್ತಿದರು. ಕಾಳೇಗೌಡನ ಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದ ಕೈ ತಟ್ಟುತ್ತಲೇ ಇತ್ತು. ಸಂಜೆ ಕಾಳೇಗೌಡ ನಿಂಗಾಜಮ್ಮನ ಬಾಗಿಲಲ್ಲಿ ನಿಂತು, ಹೆಗಲ ಮೇಲಿನ ಟವಲು ಕೊಡವಿ ಕೊಡವಿ ಬೈದ. ಸಾವಿತ್ರಿ ಮಾತ್ರ ಹಿತ್ತಲಿಂದ ಬಂದು ಜವರನಿಗೆ ತುಪ್ಪ ಹಾಕಿದ ಒಬ್ಬಟ್ಟು ಕೊಟ್ಟುಹೋದಳು. ಯಾಕೆ ಅಂತ ನಾನು ಹೇಳುವುದಿಲ್ಲ, ಮರ್ಯಾದಸ್ಥರ ಮನೆ ವಿಷಯ.

“ನಿನ್ನ ಬಾಯಿಗೆ ಮಣ್ಣು ಹಾಕ” ಅಂದಳು ನಿಂಗಾಜಮ್ಮ. “ಹೊರಗಿನವರು ಬಂದು ನಮ್ಮೂರಿಂದು ಹೆಂಗೆ ಅಂತ ಕೇಳುದ್ರೆ ಹೊಗಳ್ಬೇಕು ಕನೋ. ‘ಚಿನ್ನದಂತದು. ನಮ್ಮೂರಲ್ಲೇ ಹುಟ್ಟಿ ನಮ್ಮ ಕಣ್ಮುಂದೆ ಬೆಳೆದಿದ್ದು. ನಿಮ್ಮನೆ ಸೇರುದ್ರೆ ಮನೆ ತುಂಬ್ತದೆ’ ಅನ್ಬೇಕು. ಬಾಯಲ್ಲಿ ಒಂದ್ಸಲ ಹೇಳು.”

ಜವರ ಒಬ್ಬಟ್ಟು ನುಂಗಿ ಹೇಳಿದ. ಸರಿಯಾಗಿಯೇ ಹೇಳಿದ.

ಮತ್ತೆ ತಕ್ಕಡಿ ಬಂತು. ಈ ಸಲ ಬೆಳಗ್ಗೆ ಬೆಳಗ್ಗೆಯೇ ಪುಟ್ಟಸ್ವಾಮಿಗೌಡರು ಬಂದರು. ಅವರ ಮನೆಗೆ ನೆಂಟರು ಬಂದಿದ್ದರು, ಹಿಂದಿನ ದಿನ ಊರಂಗಡಿಯಿಂದ ರವೆ ತರಿಸಿದ್ದರು. ನೆಂಟರ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟ ಮೇಲೆ ಏನಾಯಿತೋ, ಗೌಡರ ಮುಖ ಬಾಡಿತ್ತು. ಮಿಕ್ಕ ರವೆ ತಂದು ಹಲಗೆ ಮೇಲೆ ಸುರುವಿದರು.

“ನೋಡೋ. ಏನಿದು?”

“ಹುಳ ಕನ್ರಪ್ಪ.”

“ಹುಳ ಅಂತ ನಂಗೂ ಗೊತ್ತು. ಇದೆಂತಾ ಹುಳ ಅಂತ ಕೇಳ್ತಿದೀನಿ.”

ಕೇಳಿದರಲ್ಲ. ಜವರ ಎದ್ದು ನಿಂತ, ಕೈ ಕಟ್ಟಿದ.

“ಚಿನ್ನದಂತವು. ನಮ್ಮೂರಲ್ಲೇ ಹುಟ್ಟಿ ನಮ್ಮ ಕಣ್ಮುಂದೆ ಬೆಳೆದವು. ನಿಮ್ಮನೆ ಸೇರುದ್ರೆ ಮನೆ ತುಂಬ್ತವೆ.”

ಗೌಡರು ಹುಳ ನೋಡಿದರು, ಜವರನನ್ನು ನೋಡಿದರು. ಆಮೇಲೆ ಮಾತಾಡಿದ್ದನ್ನು ಬರೆಯುವ ಹಾಗಿಲ್ಲ. ಬರೆಯಬಹುದಾದ್ದು ಇಷ್ಟು: ಇನ್ನೊಂದು ಸಲ ಹೀಗಾದರೆ ಬೀಗ ತರುತ್ತೇನೆ.

ಮರಿಸಿದ್ದಮ್ಮ ಆವತ್ತೇ ನಿಂಗಾಜಮ್ಮನ ಮನೆಗೆ ಬಂದು ಹೊಸಿಲ ಮೇಲೆ ಕೂತಳು.

“ನಿಂಗಾಜಿ, ನಿನ್ನ ಮನೆ ಸರದಿ ಬಿಟ್ಬುಡೆ. ನಾವೇ ಯಾರಾರ ಕೂತ್ಕೋತೀವಿ.”

“ನನ್ನ ಮನೆ ಬಿಟ್ರೆ ಕಾಳೇಗೌಡ ನಂಗೂ ಬಿಡ್ಸಿ ಅಂತಾನೆ ಕನಕ್ಕ. ಅವನು ಬಿಟ್ರೆ ಮೇಲ್ಗಡೆ ಬೀದಿಯವರು ಬಿಡ್ತಾರೆ. ಮೊದಲು ಎದ್ದು ಹೇಳ್ದೋಳು ನಾನು. ನಾನೇ ಮೊದಲು ಬಿಟ್ರೆ ಆ ಅಂಗಡಿ ನಿಂತದಾ? ನಾನು ಈ ಮಂಡಿ ಇಟ್ಕೊಂಡು ಒಂದು ಹಿಡಿ ಉಪ್ಪಿಗೆ ಯಾರ ಮನೆ ಬಾಗಿಲಿಗೆ ಹೋಗ್ಲಿ?”

ಮರಿಸಿದ್ದಮ್ಮನಿಗೆ ಅದೂ ನಿಜ ಅನ್ನಿಸಿತು. “ಹಂಗಾದ್ರೆ ಇವನಿಗೆ ಬುದ್ಧಿ ಹೇಳು” ಅಂದಳು.

“ಹೇಳ್ತಾನೆ ಇದೀನಿ. ಅದೇ ಆಗಿರೋದು” ಅಂದಳು ನಿಂಗಾಜಮ್ಮ. ಆದರೂ ಹೇಳಿದಳು. “ಹುಳ ಬಂದ್ರೆ ಹೊಗಳಾದಲ್ಲ ಕನೋ, ಬಿಸಿಲಿಗೆ ಹಾಕ್ಬೇಕು. ಒಳಗಿರೋದ ಈಚೆ ತಂದು ಚೆನ್ನಾಗಿ ಹರಡ್ಬೇಕು. ಬಿಸಿಲು ತಾಕುದ್ರೆ ಎಲ್ಲಾ ಸರಿ ಹೋಯ್ತದೆ.”

“ಎಲ್ಲಾ ಹಾಕ್ತೀನಿ ಕನವ್ವ.”

ಆ ‘ಎಲ್ಲಾ’ ಅನ್ನುವುದನ್ನು ಅವಳು ಗಮನಿಸಲಿಲ್ಲ.

ಮುಂದಿನ ಸರದಿಯ ದಿನ ಒಳ್ಳೆ ಬಿಸಿಲು. ಜವರ ಹೊತ್ತು ಹುಟ್ಟುವಾಗಲೇ ಅಂಗಡಿ ತೆಗೆದು ಬೀದಿಗೆ ಚಾಪೆ ಹಾಸಿದ. ರವೆ ತಂದ, ಹರಡಿದ. ಬೇಳೆ ತಂದ, ಹರಡಿದ. ಬೆಲ್ಲ ತಂದ, ಹರಡಿದ. ಕರ್ಪೂರ ಪೊಟ್ಟಣ ಬಿಚ್ಚಿ ಹರಡಿದ. ಮೇಣದಬತ್ತಿ ಸಾಲಾಗಿ ಮಲಗಿಸಿದ, ಮಕ್ಕಳ ಮಿಠಾಯಿ ಕಾಗದ ಬಿಚ್ಚಿ ಬಿಚ್ಚಿ ಇಟ್ಟ. ನೆರಳು ಬಂದ ಕಡೆಯಿಂದ ಬಿಸಿಲಿದ್ದ ಕಡೆಗೆ ಚಾಪೆ ಎಳೆದ. ಬೆವರು ಸುರಿಸಿ ದುಡಿದ, ಸೋಮಾರಿ ಅಂತ ಯಾರೂ ಅನ್ನುವ ಹಾಗಿಲ್ಲ.

ಮಧ್ಯಾಹ್ನ ಗುಡಿಯ ಪೂಜಾರಿ ಬಂದರು.

“ಜವರ, ಕರ್ಪೂರ ಕೊಡಪ್ಪ.”

ಜವರ ಚಾಪೆ ನೋಡಿದ. ಚಾಪೆ ಮೇಲೆ ವಾಸನೆ ಇತ್ತು, ಕರ್ಪೂರ ಇರಲಿಲ್ಲ.

“ಅದಕ್ಕೆ ಭಾರಿ ಹುಳ ಹಿಡಿದಿತ್ತು ಅಂತ ಕಾಣ್ತದೆ ಸ್ವಾಮಿ. ಏನೂ ಉಳಿದಿಲ್ಲ.”

ಬೆಲ್ಲ ಕರಗಿ ಚಾಪೆಗೆ ಮೆತ್ತಿಕೊಂಡಿತ್ತು. ಮೇಣದಬತ್ತಿಗಳು ಒಂದರ ಮೇಲೊಂದು ಒರಗಿ ಒಂದೇ ಆಗಿದ್ದವು. ಊರಿನ ಮಕ್ಕಳು ಚಾಪೆಯ ಅಂಚಿಗೆ ಕೂತು ಬೆರಳು ನೆಕ್ಕುತ್ತಿದ್ದರು, ಇಂಥ ಅಂಗಡಿ ದಿನಾ ಇರಲಿ ಅನ್ನುವ ಮುಖ ಮಾಡಿಕೊಂಡು. ಸಂಜೆ ಜವರ ತಕ್ಕಡಿ ಎತ್ತಿಕೊಂಡು ಮುಂದಿನ ಮನೆಗೆ ಕೊಡಲು ಹೋದ. ಬೀದಿಯಲ್ಲಿದ್ದದ್ದು ಬೀದಿಯಲ್ಲೇ. ಮೇದು ಬರುತ್ತಿದ್ದ ದನಗಳಿಗೂ ಆಡುಗಳಿಗೂ ಅಂದು ದಾರಿಯಲ್ಲೇ ಊಟವಾಯಿತು. ಪುಟ್ಟಸ್ವಾಮಿಗೌಡರು ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡಿದರು. ಅವರ ಹಸುವೂ ತಿಂದು ಬಂದದ್ದರಿಂದ ಬೈಯಲಿಲ್ಲ, ನಕ್ಕರು. ಅವರು ನಕ್ಕದ್ದೇ ಊರಿಗೆ ಹೆದರಿಕೆ.

ಮರಿಸಿದ್ದಮ್ಮ ಮತ್ತೆ ಮನೆಮನೆಗೆ ಹೋಗಿ ರಾಗಿ ಎತ್ತಿದಳು. ಕಾಳೇಗೌಡ ಗೊಣಗಿದ, ಆದರೂ ಮೊರ ತುಂಬ ಕೊಟ್ಟ. ಮತ್ತೆ ಸಾಮಾನು ಬಂತು. “ಇದೇ ಕಡೇ ಸಲ. ಇದೂ ಹೋದ್ರೆ ನನ್ನ ಕೈಲಿ ಆಗಾಕಿಲ್ಲ” ಅಂದಳು ಮರಿಸಿದ್ದಮ್ಮ.

ನಿಂಗಾಜಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡಳು. ಬೈಯಲಿಲ್ಲ. ಬೈಗುಳ ಖರ್ಚಾಗಿತ್ತು.

“ಮಗ, ಇದೊಂದು ಮಾತು ನಡೆಸ್ಕೊಡು. ದೀಪ ಹಚ್ಚೋ ಹೊತ್ತಿಗೆ ಬಾಗಿಲು ಎಳೆದು ಬೀಗ ಹಾಕು. ಒಳಗಿರೋದು ಒಳಗೇ ಇರಬೇಕು. ಯಾರು ಬಂದು ಕೇಳುದ್ರೂ ತೆಗೀಬೇಡ. ಕಾಲು ಹಿಡ್ಕೊಂಡ್ರೂ ಬೆಳಗಾಗೋಗಂಟ ತೆಗೀಬೇಡ.”

“ನೀನು ಬಂದು ಕೇಳುದ್ರೆ?”

“ನಾನು ಬಂದು ಕೇಳುದ್ರೂ ತೆಗೀಬೇಡ.”

ತಕ್ಕಡಿ ಬಂತು. ಜವರ ಕೂತ. ಆ ದಿನ ಒಂದು ತಪ್ಪೂ ಇಲ್ಲ. ಕೇಳಿದ್ದು ಕೊಟ್ಟ, ಸರಿಯಾಗಿ ತೂಗಿದ, ಮೇಲೆ ಕೊಸರು ಹಾಕಿದ. ನಿಂಗಾಜಮ್ಮ ಮನೆ ಜಗಲಿಯಿಂದಲೇ ಸುದ್ದಿ ಕೇಳಿ ಕೇಳಿ, ಸಂಜೆ ಹೊತ್ತಿಗೆ ಒಂದು ಲೋಟ ಕಾಫಿಯನ್ನು ನೆಮ್ಮದಿಯಾಗಿ ಕುಡಿದಳು.

ಅದೇ ಹೊತ್ತಿಗೆ ಪುಟ್ಟಸ್ವಾಮಿಗೌಡರು ಅಂಗಡಿಗೆ ಬಂದರು. ಕೈಯಲ್ಲಿ ಬೀಗ, ಜೇಬಿನಲ್ಲಿ ಬೀಗದ ಕೈ. ಬಾಯಿ ತೆರೆದಿದ್ದ ಬೀಗವನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ ಒಳಗೆ ಬಂದರು.

“ಜವರ, ನಾಳೆಯಿಂದ ಅಂಗಡಿ ಬಂದ್. ಬೆಳಗ್ಗೆ ನನ್ನ ಬೂಸಾ ಮೂಟೆ ಬತ್ತವೆ. ಎಷ್ಟು ಹಿಡೀತವೆ ನೋಡ್ತೀನಿ, ಸರಿ ಅತ್ಲಾಗಿ.”

ಜವರ ಸರಿದು ಹೊರಗೆ ನಿಂತ. ಗೌಡರು ಗೋಡೆಗೆ ಮುಖ ಮಾಡಿ ಗೇಣು ಹಾಕುತ್ತಾ ಮೂಲೆಗೆ ಹೋದರು. ಗುಡಿಯಲ್ಲಿ ಗಂಟೆ ಬಾರಿಸಿದರು, ಮನೆಮನೆಯಲ್ಲಿ ದೀಪ ಹತ್ತಿತು. ಜವರನಿಗೆ ಅವ್ವನ ಮಾತು ನೆನಪಾಯಿತು. ತಕ್ಕಡಿ ಎತ್ತಿ ಈಚೆ ಇಟ್ಟ. ಬಾಗಿಲು ಎಳೆದ. ಬೀಗ ಅಲ್ಲೇ ಇತ್ತು, ಒತ್ತಿದ. ಕಟಕ್ ಅಂತು.

“ಏಯ್, ಯಾರೋ ಅದು?” ಅಂತು ಒಳಗಿನ ದನಿ.

“ನಾನು ಕನ್ರಪ್ಪ, ಜವರ.”

“ತೆಗಿಯೋ.”

“ಬೆಳಗಾಗ್ಲಿ ತೆಗೀತೀನಿ.”

ಗೌಡರು ಬೈದರು, ಬಾಗಿಲು ಗುದ್ದಿದರು, ಆಮೇಲೆ ಕಿಟಕಿಯ ಸರಳು ಹಿಡಿದುಕೊಂಡು ನಿಂತರು. ಊರು ಸೇರಿತು. ಮೊದಲು ಬಂದವಳು ಬೆಂಕಿಪೊಟ್ಟಣಕ್ಕೆ ಅಂತ ಬಂದಿದ್ದ ಕಾಳೇಗೌಡನ ಹೆಂಡತಿ.

“ಏನ್ ಗೌಡ್ರೆ, ಇವತ್ತು ನಿಮ್ಮನೆ ಸರದಿನಾ? ಒಂದು ಬೆಂಕಿಪೊಟ್ಟಣ ಕೊಡಿ.”

“ನಾನು ಒಳಗೆ ಸಿಗಾಕ್ಕೊಂಡಿವ್ನಿ ಕನಮ್ಮ.”

“ಒಳಗಿದ್ರೇ ಅಲ್ವ್ರಾ ಕೊಡಾಕಾಗಾದು? ಆ ಮೇಲಿನ ಹಲಗೇಲೈತೆ ನೋಡಿ.”

ಗೌಡರು ತೆಗೆದುಕೊಟ್ಟರು. ಇನ್ನೇನು ಮಾಡುತ್ತಾರೆ. ಹಿಂದೆಯೇ ಮರಿಸಿದ್ದಮ್ಮ ಬಂದಳು. ಚಿಲಕಕ್ಕೆ ಬಿದ್ದಿದ್ದ ಬೀಗವನ್ನು ತಿರುಗಿಸಿ ನೋಡಿದಳು. ಊರಂಗಡಿಯ ಬೀಗವಲ್ಲ. ಅವಳಿಗೆ ಎಲ್ಲ ತಿಳಿಯಿತು. ಸೊಂಟಕ್ಕೆ ಕೈ ಇಟ್ಟುಕೊಂಡು ಕಿಟಕಿಯ ಮುಂದೆ ನಿಂತಳು.

“ಏನ್ ಮಾಡ್ಬೇಕು ಹೇಳಿ ಗೌಡ್ರೆ.”

“ಅಂಗಡಿ ಬಾಗಿಲು ತೆಗೀರಿ.”

“ಕೇಳಿಸ್ಲಿಲ್ಲ. ಊರಿಗೆಲ್ಲ ಕೇಳಂಗೆ ಹೇಳಿ.”

“ಅಂಗಡಿ ತೆಗೀರಮ್ಮ.”

“ಮುಚ್ಚೋದು ಬೇಡ್ವಾ?”

ಒಳಗೆ ಸೊಳ್ಳೆ ಕಚ್ಚುತ್ತಿತ್ತು, ಮನೆಯಲ್ಲಿ ಮುದ್ದೆ ಆರುತ್ತಿತ್ತು. ಗೌಡರು ಒಂದು ಸಲ ಜನರ ಕಡೆ ನೋಡಿದರು. ಮಕ್ಕಳು ಮುದುಕರು ಎಲ್ಲರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರ ಮೀಸೆಯೂ ಒಂದು ಕಡೆ ಮೇಲಕ್ಕೆ ಹೋಯಿತು.

“ಬೇಡ ಕನಮ್ಮ. ಎಷ್ಟು ವರ್ಷ ಬೇಕಾದ್ರೂ ನಡೆಸ್ಕಳಿ. ಬೂಸಾ ಕೊಟ್ಟಿಗೇಲಿರ್ತದೆ. ಊರಿನ ಮುಂದೆ ಹೇಳ್ತಿದೀನಿ, ಸಾಕಾ? ಹಿಡ್ಕೊಳ್ಳಿ ಬೀಗದ ಕೈ.”

ನಿಂಗಾಜಮ್ಮ ಕೋಲೂರಿಕೊಂಡು ಬಂದವಳು ಅಷ್ಟು ಕೇಳಿಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು. ಸರಳಿನ ನಡುವೆ ಬೀಗದ ಕೈ ಹೊರಗೆ ಬಂತು. ಮರಿಸಿದ್ದಮ್ಮ ಕೈ ಚಾಚಿದಳು. ಜವರ ಅವಳಿಗಿಂತ ಮೊದಲು ಚಾಚಿದ. ಹಿಡಿದುಕೊಂಡ, ನೋಡಿದ, “ಒಳಗಿರೋದು ಒಳಗೇ ಇರಬೇಕು” ಅಂತ ಕಿಟಕಿಯೊಳಕ್ಕೆ ಎಸೆದ.

ಅದು ಬಿದ್ದದ್ದು ಬಾಯಿ ಬಿಚ್ಚಿದ್ದ ಕಡಲೆಪುರಿ ಮೂಟೆಗೆ. ಪುರಿ ಗೊತ್ತಲ್ಲ, ಕೈ ಹಾಕಿದಷ್ಟೂ ಬೀಗದ ಕೈ ಕೆಳಕ್ಕೆ ಇಳಿಯಿತು. ಸುರುವೋಣ ಅಂದರೆ ಕೋಣೆಯಲ್ಲಿ ಜಾಗವಿಲ್ಲ.

“ಅಳೆದು ಕೊಟ್ಟು ಖಾಲಿ ಮಾಡಿ ಗೌಡ್ರೆ, ಬೇರೆ ದಾರಿ ಇಲ್ಲ” ಅಂದಳು ಮರಿಸಿದ್ದಮ್ಮ.

ಊರು ಸೆರಗು ಒಡ್ಡಿತು, ಟವಲು ಒಡ್ಡಿತು, ಮೊರ ತಂದಿತು. ಗೌಡರು ಸೇರು ಹಿಡಿದು ಸರಳಿನ ನಡುವೆ ಅಳೆದರು. ಮೊದಮೊದಲು ಸಿಡುಕಿಕೊಂಡು ಅಳೆದರು. ಆಮೇಲೆ, “ಯಾರದಮ್ಮ ಆ ಸೆರಗು, ಬಾ ಮುಂದಕ್ಕೆ” ಅಂದರು. ಆಮೇಲೆ ಯಾರೂ ಕೇಳದೆಯೇ ಮೇಲೊಂದು ಹಿಡಿ ಕೊಸರು ಹಾಕಿದರು. “ಕೈ ಒಳ್ಳೇದು ಗೌಡ್ರದು” ಅಂತ ಮುದುಕಿಯೊಬ್ಬಳು ಅಂದಳು. ಗೌಡರು ಆ ಮುದುಕಿಗೆ ಇನ್ನೊಂದು ಹಿಡಿ ಹಾಕಿದರು. ಮೂಟೆಯ ತಳ ಬಂತು. ಬೀಗದ ಕೈ ಇಲ್ಲ.

“ಯಾರ ಪುರೀಲಿ ಹೋಯ್ತು ನೋಡ್ಕಳ್ರಪ್ಪ.”

ಎಲ್ಲರೂ ತಡಕಾಡಿದರು. ಜವರ ಮೆಟ್ಟಿಲ ಮೇಲೆ ಅವ್ವನ ಪಕ್ಕ ಕೂತು, ತನ್ನ ಪಾಲಿನ ಪುರಿ ಮುಕ್ಕುತ್ತಿದ್ದ. ಕಟ್ ಅಂತು. ಬಾಯಿಂದ ತೆಗೆದು ದೀಪದ ಬೆಳಕಿಗೆ ಹಿಡಿದ. ಬೀಗದ ಕೈ.

“ಸಿಕ್ತು” ಅಂತ ಊರೆಲ್ಲ ಎದ್ದಿತು. ನಿಂಗಾಜಮ್ಮ “ಮಗ, ತತ್ತಾ ಇಲ್ಲಿ” ಅಂದಳು.

“ನೀನು ಕೇಳುದ್ರೂ ಇಲ್ಲ ಕನವ್ವ” ಅಂದ ಜವರ. ಎದ್ದ, ಕಿಟಕಿಗೆ ಹೋದ, ಒಳಕ್ಕೆ ಎಸೆದ.

ಈ ಸಲ ಕಡಲೆಬೀಜದ ಮೂಟೆಗೆ ಬಿತ್ತು.

ಗೌಡರು ಬೈಯಲಿಲ್ಲ. ಪಂಚೆ ಎತ್ತಿ ಕಟ್ಟಿದರು, ಸೇರು ಒರೆಸಿಕೊಂಡರು, ಕಿಟಕಿಗೆ ಮುಖ ಇಟ್ಟು ಕೂಗಿದರು:

“ಕಡಲೆಬೀಜ ಯಾರಿಗ್ ಬೇಕ್ರಪ್ಪ?”